ಹಲಗೆಯ ಮೇಲೆ ಹನ್ನೆರಡು ಜನ: ಅಲೆಕ್ಸಾಂಡರ್ ಮಿಚೆಲ್ ಅವರ ತಿರುಪು ಅಡಿಪಾಯ

(ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಅವಸರದಲ್ಲಿ ದಾಟಿಹೋದ ಒಂದೆರಡು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಅಧ್ಯಕ್ಷರೇ, ಗೆಳೆಯರೇ,

ಪಾಯ ತೋಡಿಸಿದ ಮೇಲೆ ಅನುಭವಸ್ಥ ಮೇಸ್ತ್ರಿಯೊಬ್ಬರು ಗುಂಡಿಗೆ ಇಳಿದು, ಹಾರೆಯನ್ನು ಎತ್ತಿ ನೆಲಕ್ಕೆ ಒಮ್ಮೆ ಹಾಕುವುದನ್ನು ನೀವೆಲ್ಲ ನೋಡಿರುತ್ತೀರಿ. ಹಾರೆ ಎಷ್ಟು ಇಳಿಯಿತು ಎಂದು ಅವರು ಬಗ್ಗಿ ನೋಡುವುದು ಅಪರೂಪ. ಅಂಗೈಗೆ ಬಂದ ಅದುರು, ಕಿವಿಗೆ ಬಿದ್ದ ಸದ್ದು, ಇವೆರಡರ ಮೇಲೆಯೇ "ಇನ್ನೊಂದಡಿ ಹೋಗಲಿ" ಎಂದೋ "ಸಾಕು, ಬೆಡ್ ಹಾಕಿ" ಎಂದೋ ಹೇಳಿ ಮೇಲೆ ಹತ್ತಿ ಬರುತ್ತಾರೆ. ಇದನ್ನು ನಾವು ಓದಿದವರು ಲಘುವಾಗಿ ಕಾಣುವುದುಂಟು. ಆದರೆ ನಾವು ಬೋರ್ ಹಾಕಿಸಿ ಮಾಡಿಸುವ ಪೆನೆಟ್ರೇಷನ್ ಟೆಸ್ಟ್‌ನಲ್ಲಿ ಆಗುವುದೂ ಇಷ್ಟೇ: ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ, ಕೊಳವೆ ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತೇವೆ. ನೆಲದ ಒಳಗನ್ನು ಯಾರೂ ಕಂಡಿಲ್ಲ; ಕುಟ್ಟಿ, ಒತ್ತಿ, ತಿರುವಿ, ಅದು ಎಷ್ಟು ಎದುರು ನಿಲ್ಲುತ್ತದೆ ಎಂಬುದನ್ನು ಮಾತ್ರ ಅಳೆಯುತ್ತೇವೆ. ಇಂದು ನಾನು ಹೇಳಹೊರಟಿರುವ ಅಲೆಕ್ಸಾಂಡರ್ ಮಿಚೆಲ್ ಅವರಿಗೆ ನೆಲವಷ್ಟೇ ಅಲ್ಲ, ನೆಲದ ಮೇಲಿನದೂ ಕಾಣುತ್ತಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಪೂರ್ತಿ ಕುರುಡಾಗಿದ್ದ ಅವರು, ಸಮುದ್ರದ ಮರಳು ದಿಬ್ಬಗಳ ಮೇಲೆ ದೀಪಸ್ತಂಭ ನಿಲ್ಲಿಸುವ ಅಡಿಪಾಯವೊಂದನ್ನು ಕಂಡುಹಿಡಿದರು.

ಮಿಚೆಲ್ ಹುಟ್ಟಿದ್ದು 1780ರ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ತಂದೆ ಐರ್ಲೆಂಡಿನ ಸೈನಿಕ ವಸತಿಗಳ ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದವರು. ಕುಟುಂಬ ಬೆಲ್‌ಫಾಸ್ಟ್ ಕಡೆಗೆ ಬಂದು ನೆಲೆಸಿದ್ದರಿಂದ ಓದು ನಡೆದದ್ದು ಅಲ್ಲಿನ ಬೆಲ್‌ಫಾಸ್ಟ್ ಅಕಾಡೆಮಿಯಲ್ಲಿ. ಗಣಿತದಲ್ಲಿ ಚುರುಕು. ದೃಷ್ಟಿ ಮಾತ್ರ ಬಾಲ್ಯದಿಂದಲೇ ಮಂಜಾಗುತ್ತ ಹೋಗಿ, ಹದಿನಾರರ ಹೊತ್ತಿಗೆ ಪುಸ್ತಕ ಓದುವುದು ನಿಂತಿತು. ಇಪ್ಪತ್ತೆರಡಕ್ಕೆ ಬೆಳಕೂ ಹೋಯಿತು. ಅಷ್ಟರಲ್ಲಿ ಮದುವೆಯಾಗಿತ್ತು. ಸಂಸಾರ ನಡೆಯಬೇಕಿತ್ತು. ಅವರು ಹಿಡಿದ ಕಸುಬು ಇಟ್ಟಿಗೆ ಮಾಡಿಸುವುದು.

ಜೀವನಚರಿತ್ರೆ ಬರೆಯುವವರು ಈ ಇಟ್ಟಿಗೆ ಭಟ್ಟಿಯ ವರ್ಷಗಳನ್ನು ಒಂದು ವಾಕ್ಯದಲ್ಲಿ ಮುಗಿಸಿ ದೀಪಸ್ತಂಭಕ್ಕೆ ಓಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಬೆಲ್‌ಫಾಸ್ಟಿನ ಲ್ಯಾಗನ್ ನದಿಯ ಪೂರ್ವಕ್ಕಿರುವ ಬ್ಯಾಲಿಮೆಕ್ಯಾರೆಟ್‌ನಲ್ಲಿ ಅವರು ಸುಮಾರು ಮೂವತ್ತು ವರ್ಷ ಇಟ್ಟಿಗೆ ಮತ್ತು ಕಟ್ಟಡದ ಕೆಲಸ ಮಾಡಿಸಿದರು. ಇಟ್ಟಿಗೆ ತಯಾರಿಗೆ ಬೇಕಾದ ಯಂತ್ರಗಳನ್ನೂ ತಾವೇ ರೂಪಿಸಿದರು. ಇಟ್ಟಿಗೆ ಮಾಡುವವರಿಗೆ ಮಣ್ಣಿನ ಪರಿಚಯ ಕಣ್ಣಿನಿಂದ ಆಗುವುದಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳ ಸಂದಿಯಲ್ಲಿ ಅದು ಹೇಗೆ ಹೊರಬರುತ್ತದೆ, ಉಜ್ಜಿದರೆ ಮರಳು ತರಿತರಿಯೆನ್ನುತ್ತದೆಯೋ ಜಿಗುಟಾಗಿ ಎಳೆಯುತ್ತದೆಯೋ ಎಂಬುದರಿಂದಲೇ ಅದರ ಗುಣ ತಿಳಿಯಬೇಕು. ಜೊತೆಗೆ ಬೆಲ್‌ಫಾಸ್ಟ್ ನಗರ ನಿಂತಿರುವ ನೆಲವೇ ಕೆಟ್ಟದ್ದು. ನದೀಮುಖದ ಆ ಮೆತ್ತನೆಯ ಕೆಸರು ಜೇಡಿಯನ್ನು ಅಲ್ಲಿನವರು "ಸ್ಲೀಚ್" ಎಂದು ಕರೆಯುತ್ತಾರೆ. ಅದರ ಮೇಲೆ ಮರದ ಗೂಟಗಳನ್ನು ಹೊಡೆದು ಕಟ್ಟಿದ ಆಲ್ಬರ್ಟ್ ಗಡಿಯಾರ ಗೋಪುರ 1869ರಲ್ಲಿ ಪೂರ್ಣವಾಯಿತು. ಇಂದು ಅದು ತುದಿಯಲ್ಲಿ ಸುಮಾರು ನಾಲ್ಕು ಅಡಿ ವಾಲಿಕೊಂಡು ನಿಂತಿದೆ. ಇಂಥ ಊರಿನಲ್ಲಿ ಮೂವತ್ತು ವರ್ಷ ಮಣ್ಣು ಮುಟ್ಟಿದವರಿಗೆ ಮೆತ್ತನೆಯ ನೆಲದ ಬಗ್ಗೆ ಗೊತ್ತಾಗದೇ ಇದ್ದೀತೇ? ಇದು ನನ್ನ ಊಹೆ, ದಾಖಲೆಯಲ್ಲ. ಆದರೂ ಸ್ಕ್ರೂ ಪೈಲ್‌ನ, ಅಂದರೆ ಮಿಚೆಲ್ ಕಂಡುಹಿಡಿದ ತಿರುಪು ಗೂಟದ, ಬೇರು ಇಟ್ಟಿಗೆಯ ಹೊಲದಲ್ಲಿದೆ ಎಂದೇ ನಾನು ನಂಬುತ್ತೇನೆ.

1830ರ ಸುಮಾರಿನಲ್ಲಿ ವ್ಯಾಪಾರದಿಂದ ಬಿಡುವಾಗುವ ಹೊತ್ತಿಗೆ ಅವರ ತಲೆಯಲ್ಲಿ ಕುಳಿತಿದ್ದ ಸಮಸ್ಯೆ ಇದು: ಹಡಗುಗಳು ಒಡೆಯುವುದು ಬಂಡೆಗಳ ಬಳಿ ಮಾತ್ರವಲ್ಲ, ಮರಳು ದಿಬ್ಬಗಳ ಬಳಿಯೂ. ಥೇಮ್ಸ್ ನದಿಯ ಮುಖದಲ್ಲಿ, ಐರಿಷ್ ಕಡಲಿನ ಎರಡೂ ದಡಗಳಲ್ಲಿ, ನೀರಿನಡಿ ಅಡಗಿರುವ ದಿಬ್ಬಗಳಿವೆ. ಬಂಡೆಯ ಮೇಲೆ ದೀಪಸ್ತಂಭ ಕಟ್ಟುವ ವಿದ್ಯೆ ಆಗಲೇ ಪಳಗಿತ್ತು. ಇಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಕಲ್ಲುಗಳಿಂದ ಗೋಪುರ ಕಟ್ಟಿ ದಾರಿ ತೋರಿಸಿದ್ದರು. ಅದರ ತತ್ವ ಸರಳ: ಅಲೆಗಿಂತ ಭಾರವಾಗಿರು. ಈ ತತ್ವವನ್ನು ಮರಳಿಗೆ ತಂದರೆ ಎರಡು ಕಡೆಯಿಂದ ಏಟು. ಭಾರಕ್ಕೆ ಮರಳು ಕುಸಿಯುತ್ತದೆ. ಅಡ್ಡ ನಿಂತ ಕಲ್ಲಿನ ಸುತ್ತ ನೀರು ಸುಳಿದು ಬುಡದ ಮರಳನ್ನೇ ಕೊರೆದು ಒಯ್ಯುತ್ತದೆ. ಆದ್ದರಿಂದ ದಿಬ್ಬಗಳ ಬಳಿ ದೀಪ ಹೊತ್ತ ಹಡಗೊಂದನ್ನು ಲಂಗರು ಹಾಕಿ ನಿಲ್ಲಿಸುವುದೇ ರೂಢಿಯಾಗಿತ್ತು. ಬಿರುಗಾಳಿಯಲ್ಲಿ, ಅಂದರೆ ದೀಪ ಎಲ್ಲಕ್ಕಿಂತ ಹೆಚ್ಚು ಬೇಕಾದ ರಾತ್ರಿಯಲ್ಲಿ, ಆ ಹಡಗಿನ ಸರಪಳಿಯೇ ಹರಿಯುವ ಭಯ.

ಮಿಚೆಲ್ ಮೊದಲು ಯೋಚಿಸಿದ್ದು ಲಂಗರನ್ನೇ ಎಂಬುದನ್ನು ಗಮನಿಸಬೇಕು. ಸಾಮಾನ್ಯ ಲಂಗರು ನೆಲಕ್ಕೆ ಉಗುರು ಊರಿ ಹಿಡಿದುಕೊಳ್ಳುತ್ತದೆ. ಎಳೆತ ಹೆಚ್ಚಾದರೆ ನೇಗಿಲಿನಂತೆ ಗೀರುತ್ತ ಜಾರುತ್ತದೆ. ಅದರ ಬದಲು ಅಗಲವಾದ ತಿರುಪಿನ ತಟ್ಟೆಯೊಂದನ್ನು ನೆಲದೊಳಕ್ಕೆ ಆಳವಾಗಿ ತಿರುಗಿಸಿ ಇಳಿಸಿದರೆ, ಅದು ಮೇಲೆ ಬರಬೇಕಾದರೆ ತನ್ನ ತಲೆಯ ಮೇಲಿರುವ ಮಣ್ಣಿನ ರಾಶಿಯನ್ನೆಲ್ಲ, ಮೇಲಕ್ಕೆ ಹೋದಂತೆ ಅಗಲವಾಗುವ ಲಾಳಿಕೆಯ ಆಕಾರದಲ್ಲಿ, ಎತ್ತಿಕೊಂಡೇ ಬರಬೇಕು. ಆ ರಾಶಿಯ ತೂಕವೇ ಹಿಡಿತ. ಇದೇ ತಟ್ಟೆಯನ್ನು ಮೇಲಿನಿಂದ ಒತ್ತಿದರೆ? ಆಗ ಅದು ಆನೆಯ ಪಾದ. ಎಳೆದರೂ ಬಾರದ, ಒತ್ತಿದರೂ ಇಳಿಯದ ಕಾಲು ಒಂದೇ ಕಬ್ಬಿಣದ ತುಂಡಿನಲ್ಲಿ ಸಿಕ್ಕಿತು. 1833ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. ಹಡಗು ಕಟ್ಟುವ ತಿರುಪು ಲಂಗರುಗಳನ್ನು ಬಳಸುವ ಹಕ್ಕಿಗಾಗಿ ಟೈನ್ ನದಿಯ ನ್ಯೂಕ್ಯಾಸಲ್ ಬಂದರಿನವರು 2,500 ಪೌಂಡ್ ಕೊಟ್ಟರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಆಕಾರದ ಬಗ್ಗೆ ಒಂದು ಮಾತು. ತಿರುಪು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೈತುಂಬ ಸುತ್ತು ಇರುವ ಸ್ಕ್ರೂ ಮೊಳೆ. ಮಿಚೆಲ್ ಅವರದು ಹಾಗಿರಲಿಲ್ಲ. ಉದ್ದನೆಯ ಕಬ್ಬಿಣದ ಸರಳು, ಅದರ ಬುಡದಲ್ಲಿ ಮಾತ್ರ ಒಂದು ಸುತ್ತಿಗಿಂತ ತುಸು ಹೆಚ್ಚಾಗಿ ಸುತ್ತಿಕೊಂಡ ಅಗಲವಾದ ಎರಕದ ತಟ್ಟೆ, ತುದಿಯಲ್ಲಿ ಚೂಪು. ಬಡಗಿಯ ಬೈರಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಬೈರಿಗೆ ಮರವನ್ನು ಕೊರೆದು ಹೊರಹಾಕಬೇಕು; ಈ ತಿರುಪು ಮಣ್ಣನ್ನು ಹೊರಹಾಕದೆ, ಒಂದು ತೆಳ್ಳನೆಯ ಸೀಳಿನಲ್ಲಿ ನುಸುಳಿ ಇಳಿಯಬೇಕು. ಸುತ್ತುಗಳು ಹೆಚ್ಚಾದಷ್ಟೂ ಮಣ್ಣು ಕದಡುತ್ತದೆ. ಕದಡಿದ ಮಣ್ಣು ಭಾರ ಹೊರುವುದಿಲ್ಲ.

ಪ್ರಯೋಗ ನಡೆದ ಬಗೆಯನ್ನು ನಾನು ಯಾವಾಗಲೂ ಸಂತೋಷದಿಂದ ಹೇಳುತ್ತೇನೆ. ಬೆಲ್‌ಫಾಸ್ಟಿನ ಕೊಲ್ಲಿಯಲ್ಲಿ ಮಗ ಜಾನ್ ಜೊತೆ ದೋಣಿಯಲ್ಲಿ ಹೋಗಿ, ಮರಳು ದಿಬ್ಬವೊಂದರಲ್ಲಿ ಸಣ್ಣ ತಿರುಪನ್ನು ಇಳಿಸಿ ಬಂದರು. ರಾತ್ರಿ ಕಡಲು ಉಕ್ಕಿತು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ತಾವೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು; ಗೂಟ ಇಟ್ಟಲ್ಲೇ ಗಟ್ಟಿಯಾಗಿತ್ತು. "ನೋಡಿದರು" ಎಂಬ ಕ್ರಿಯಾಪದವನ್ನು ಕನ್ನಡದಲ್ಲಿ ನಾವು ಮುಟ್ಟಿ ನೋಡು, ಕೇಳಿ ನೋಡು, ತಿಂದು ನೋಡು ಎಂದು ಎಲ್ಲ ಇಂದ್ರಿಯಗಳಿಗೂ ಬಳಸುವುದರಿಂದ ಈ ವಾಕ್ಯ ಬರೆಯುವಾಗ ನನಗೆ ಮುಜುಗರವಾಗಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಥೇಮ್ಸ್ ಮುಖದ ಮ್ಯಾಪ್ಲಿನ್ ದಿಬ್ಬದಲ್ಲಿ. ದೀಪಸ್ತಂಭಗಳ ಆಡಳಿತ ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಯ ಇಂಜಿನಿಯರ್ ಜೇಮ್ಸ್ ವಾಕರ್ ಅಲ್ಲಿ ಸ್ಕ್ರೂ ಪೈಲ್ ಪ್ರಯತ್ನಿಸಲು ಒಪ್ಪಿದರು. ಒಪ್ಪಿದ ಮೇಲೆ ಮಿಚೆಲ್ ನೇರವಾಗಿ ಪೈಲ್ ಇಳಿಸಲಿಲ್ಲ. ಮೊದಲು ಮೂವತ್ತು ಅಡಿ ಉದ್ದದ, ಒಂದೂಕಾಲು ಇಂಚು ದಪ್ಪದ, ಜೋಡಿಸಿ ಬಿಡಿಸಬಹುದಾದ ಸರಳೊಂದನ್ನು ತಂದರು. ಅದರ ಬುಡಕ್ಕೆ ಆರು ಇಂಚು ಅಗಲದ ಪುಟ್ಟ ತಿರುಪು. ಅಡ್ಡ ಸರಳು ಹಾಕಿ ಅದನ್ನು ತಿರುಗಿಸುತ್ತ ದಿಬ್ಬದೊಳಕ್ಕೆ ಆಳವಾಗಿ ಇಳಿಸಿದರು. ಇಳಿಯುವಾಗ ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದು ತಿರುಗಿಸುವ ಕೈಗಳಿಗೆ ತಿಳಿಯುತ್ತ ಹೋಯಿತು. ಆಳಕ್ಕೆ ಹೋದ ಮೇಲೆ ಸರಳಿನ ತಲೆಗೆ ಹಲಗೆ ಕಟ್ಟಿ, ಹನ್ನೆರಡು ಜನ ಆಳುಗಳನ್ನು ಅದರ ಮೇಲೆ ಹತ್ತಿಸಿ ನಿಲ್ಲಿಸಿದರು. ಹನ್ನೆರಡು ಜನರ ತೂಕ ಹತ್ತಿರ ಹತ್ತಿರ ಒಂದು ಟನ್. ಸರಳು ಇಳಿಯಲಿಲ್ಲ.

ಆಮೇಲಿನದು ಪ್ರಾಥಮಿಕ ಶಾಲೆಯ ಲೆಕ್ಕ. ಆರು ಇಂಚಿನ ತಟ್ಟೆ ಒಂದು ಟನ್ ಹೊತ್ತರೆ ನಾಲ್ಕು ಅಡಿಯ, ಅಂದರೆ ನಲವತ್ತೆಂಟು ಇಂಚಿನ ತಟ್ಟೆ ಎಷ್ಟು ಹೊರಬೇಕು? ಅಡ್ಡಳತೆ ಎಂಟು ಪಟ್ಟು. ವಿಸ್ತೀರ್ಣ ಎಂಟೆಂಟಲ 64 ಪಟ್ಟು. ಆದ್ದರಿಂದ 64 ಟನ್. ಒಂಬತ್ತು ಪೈಲ್‌ಗಳಿಗೆ ಐನೂರು ಟನ್ ಮೀರುತ್ತದೆ. ಕಬ್ಬಿಣದ ಕಾಲುಗಳ ಮೇಲೆ ನಿಲ್ಲುವ ಮರದ ಮನೆಗೆ ಇಷ್ಟು ಸಾಕೋ ಸಾಕು. ಇನ್ನೊಂದು ಅನುಪಾತವನ್ನೂ ನೋಡಿ: ಪೈಲ್‌ನ ಸರಳು ಐದು ಇಂಚು ದಪ್ಪ, ತಟ್ಟೆ ನಲವತ್ತೆಂಟು ಇಂಚು ಅಗಲ. ನೀರಿಗೆ ಅಡ್ಡ ಸಿಗುವುದು ಐದು ಇಂಚು ಮಾತ್ರ. ನೆಲವನ್ನು ಒತ್ತುವುದು ಅದರ ಅಡ್ಡಕೊಯ್ತಕ್ಕಿಂತ 92 ಪಟ್ಟು ಹೆಚ್ಚು ವಿಸ್ತಾರ. ಅಲೆ ಸಂದಿಯಲ್ಲಿ ನುಸುಳಿ ಹೋಗುತ್ತದೆ, ಬುಡ ಕೊರೆಯಲು ಅದಕ್ಕೆ ಹಿಡಿ ಸಿಗುವುದಿಲ್ಲ. ಸ್ಮೀಟನ್ ಅವರ ತತ್ವವನ್ನು ಮಿಚೆಲ್ ತಲೆಕೆಳಗು ಮಾಡಿದರು ಎಂದರೆ ತಪ್ಪಿಲ್ಲ.

ಇಲ್ಲಿ ಕುಳಿತಿರುವ ಮಣ್ಣು ಯಂತ್ರಶಾಸ್ತ್ರದ ಅಧ್ಯಾಪಕರು ಈಗ ತಲೆ ಅಲ್ಲಾಡಿಸುತ್ತಿದ್ದಾರೆ, ಕಾಣುತ್ತಿದೆ. ಸಣ್ಣ ತಟ್ಟೆಯ ಫಲಿತಾಂಶವನ್ನು ದೊಡ್ಡ ತಟ್ಟೆಗೆ ಹೀಗೆ ನೇರವಾಗಿ ಗುಣಿಸಬಾರದು ಎಂಬುದು ಇಂದಿನ ಪಾಠ. ದೊಡ್ಡ ತಟ್ಟೆಯ ಒತ್ತಡ ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಣ್ಣ ತಟ್ಟೆ ಮುಟ್ಟದ ಮೆತ್ತನೆಯ ಪದರವನ್ನು ದೊಡ್ಡದು ಮುಟ್ಟಿ ಕುಸಿಯಬಹುದು. ಇಂಜಿನಿಯರ್ ಕಾರ್ಲ್ ಟೆರ್ಜಾಘಿ 1925ರಲ್ಲಿ ಮಣ್ಣಿನ ಯಂತ್ರಶಾಸ್ತ್ರವನ್ನು ಪುಸ್ತಕವಾಗಿ ಕಟ್ಟಿಕೊಡಲು ಇನ್ನೂ ಎಂಬತ್ತೇಳು ವರ್ಷ ಬಾಕಿಯಿದ್ದ ಕಾಲ ಅದು. ಲೆಕ್ಕದಲ್ಲಿ ಕೊರತೆಯಿತ್ತು, ನಿಜ. ಆದರೆ ಕಟ್ಟುವ ಜಾಗದಲ್ಲೇ, ಕಟ್ಟುವ ಆಳದಲ್ಲೇ, ಕಟ್ಟಲಿರುವ ವಸ್ತುವಿನದೇ ಚಿಕ್ಕ ಮಾದರಿಯನ್ನು ಇಳಿಸಿ, ಅದರ ಮೇಲೆ ಭಾರ ಹೇರಿ ಕೇಳುವ ಕ್ರಮವಿದೆಯಲ್ಲ, ಅದಕ್ಕೆ ಇಂದು ನಾವು ಲೋಡ್ ಟೆಸ್ಟ್ ಎನ್ನುತ್ತೇವೆ. ತಿರುಪಿನ ಆಕಾರಕ್ಕಿಂತ ಈ ಕ್ರಮವನ್ನೇ ನಾನು ಮಿಚೆಲ್ ಅವರ ದೊಡ್ಡ ಆವಿಷ್ಕಾರವೆಂದು ಎಣಿಸುತ್ತೇನೆ. ಆಕಾರಕ್ಕೆ ಪೇಟೆಂಟ್ ಸಿಕ್ಕಿತು, ಕ್ರಮಕ್ಕೆ ಸಿಗಲಿಲ್ಲ, ಅಷ್ಟೇ.

1838ರಲ್ಲಿ ಮ್ಯಾಪ್ಲಿನ್‌ನಲ್ಲಿ ಪೈಲ್‌ಗಳು ಇಳಿದವು. ದೊಡ್ಡ ಮರದ ದಿಮ್ಮಿಗಳ ತೆಪ್ಪವೊಂದನ್ನು ದಿಬ್ಬದ ಮೇಲೆ ನಿಲ್ಲಿಸಿ, ಅದರ ಮಧ್ಯೆ ಪೈಲ್ ನೆಟ್ಟಗೆ ಹಿಡಿದು, ತಲೆಗೆ ಕ್ಯಾಪ್‌ಸ್ಟನ್, ಅಂದರೆ ಸುತ್ತ ಅಡ್ಡಕೋಲುಗಳಿರುವ ತಿರುಗಣೆ, ಕಟ್ಟಿ ಆಳುಗಳು ಸುತ್ತಲೂ ನಡೆಯುತ್ತ ತಿರುಗಿಸಿದರು. ನಮ್ಮ ಹಳ್ಳಿಯ ಗಾಣದ ಸುತ್ತ ಎತ್ತು ನಡೆಯುವಂತೆ. ಎಂಟು ಪೈಲ್ ಎಂಟು ಮೂಲೆಗೆ, ಒಂದು ನಡುವೆ. ಪ್ರತಿಯೊಂದೂ 26 ಅಡಿ ಉದ್ದ, ಅದರಲ್ಲಿ 22 ಅಡಿ ಮರಳಿನೊಳಗೆ. ಇಷ್ಟಾದ ಮೇಲೆ ಟ್ರಿನಿಟಿ ಹೌಸಿನವರು ಮೇಲಿನ ಮನೆ ಕಟ್ಟಲು ಅವಸರ ಮಾಡಲಿಲ್ಲ. ಸುಮಾರು ಎರಡು ವರ್ಷ ಆ ಗೂಟಗಳನ್ನು ಹಾಗೆಯೇ ಅಲೆಗೆ ಬಿಟ್ಟು ಕಾದರು. ಬಿಲ್ಲು ಪಾಸಾಗುವ ಆತುರದಲ್ಲಿ ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್‌ಗೆ ಏಳು ದಿನ ಕೊಡದ ನಮಗೆ ಈ ಎರಡು ವರ್ಷ ಅರಗುವುದು ಕಷ್ಟ. ದೀಪ ಹೊತ್ತಿದ್ದು 1841ರಲ್ಲಿ.

ಈ ಕಾಯುವಿಕೆಯ ನಡುವೆ ಇನ್ನೊಂದು ದೀಪ ಮುಂದೆ ಹೋಯಿತು. ಇಂಗ್ಲೆಂಡಿನ ಲ್ಯಾಂಕಶೈರಿನ ಫ್ಲೀಟ್‌ವುಡ್ ಎಂಬ ಹೊಸ ಬಂದರಿನ ಎದುರು, ವೈರ್ ನದಿಯ ಮುಖದಲ್ಲಿ, ಏಳು ಸ್ಕ್ರೂ ಪೈಲ್‌ಗಳ ಮೇಲೆ ಕಟ್ಟಿದ ದೀಪಸ್ತಂಭ 1840ರ ಜೂನ್ 6ರಂದು ಬೆಳಗಿತು. ಹೀಗೆ ಮೊದಲು ಇಳಿದ ಪೈಲ್ ಮ್ಯಾಪ್ಲಿನ್‌ದು, ಮೊದಲು ಹೊತ್ತಿದ ದೀಪ ಫ್ಲೀಟ್‌ವುಡ್‌ದು. ಜಗತ್ತಿನ ಮೊದಲ ಸ್ಕ್ರೂ ಪೈಲ್ ದೀಪಸ್ತಂಭ ಯಾವುದು ಎಂದು ಕೇಳಿದರೆ ಎರಡು ಉತ್ತರ ಸಿಗುವುದು ಇದರಿಂದಲೇ.

ಎಲ್ಲವೂ ಗೆಲುವಾಗಲಿಲ್ಲ. ಡಬ್ಲಿನ್ ಎದುರಿನ ಕಿಶ್ ದಿಬ್ಬದಲ್ಲಿ 1842ರಲ್ಲಿ ಆರಂಭಿಸಿದ ಕೆಲಸವನ್ನು ಬಿರುಗಾಳಿ ಅರ್ಧದಲ್ಲೇ ಕಿತ್ತುಹಾಕಿತು. ಇದನ್ನು ಪೈಲ್‌ನ ಸೋಲೆಂದು ಬರೆದವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಇಂಥ ರಚನೆಯ ಬಲ ಇರುವುದು ಕಾಲುಗಳನ್ನೆಲ್ಲ ಅಡ್ಡಪಟ್ಟಿ, ಓರೆಪಟ್ಟಿಗಳಿಂದ ಬಿಗಿದು ಒಂದೇ ಮಂಚದಂತೆ ಮಾಡಿದ ಮೇಲೆ. ಅದಕ್ಕೆ ಮೊದಲು ಪ್ರತಿ ಪೈಲ್ ಒಂಟಿ ಕಡ್ಡಿ. ಕಟ್ಟಿ ಮುಗಿದದ್ದಕ್ಕೆ ಲೆಕ್ಕ ಹಾಕುವ ನಾವು, ಕಟ್ಟುತ್ತಿರುವಾಗಿನ ಸ್ಥಿತಿಗೆ ಲೆಕ್ಕ ಹಾಕುವುದನ್ನು ಇಂದಿಗೂ ಮರೆಯುತ್ತೇವೆ. ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಕುಸಿದು ಆಗುವ ಅನಾಹುತಗಳೆಲ್ಲ ಈ ಜಾತಿಯವೇ. ಕಿಶ್ ದಿಬ್ಬಕ್ಕೆ ನಿಂತ ದೀಪಸ್ತಂಭ ದಕ್ಕಿದ್ದು 1965ರಲ್ಲಿ, ಅದೂ ಕಾಂಕ್ರೀಟಿನದು.

ಐರ್ಲೆಂಡಿನ ದಕ್ಷಿಣ ಕರಾವಳಿಯ ಕೋವ್ ಬಂದರಿನ ಸ್ಪಿಟ್ ದಿಬ್ಬದ ಕೆಲಸ 1851ರಿಂದ 1853ರವರೆಗೆ ನಡೆಯಿತು. ಆಗ ಮಿಚೆಲ್ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಅವರು ದೋಣಿಯಲ್ಲಿ ಕೆಲಸದ ಜಾಗಕ್ಕೆ ಹೋಗುತ್ತಿದ್ದರು, ಏಣಿ ಹತ್ತುತ್ತಿದ್ದರು, ಹಲಗೆಗಳ ಮೇಲೆ ಮಂಡಿಯೂರಿ ತೆವಳುತ್ತ ಜೋಡಣೆಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ಪರೀಕ್ಷಿಸುತ್ತಿದ್ದರು. ಕಣ್ಣಿದ್ದವರು ದಾಟಿಹೋದ ದೋಷ ಅವರ ಬೆರಳಿಗೆ ಸಿಕ್ಕುತ್ತಿತ್ತು. ಒಮ್ಮೆ ಕಾಲು ತಪ್ಪಿ ನೀರಿಗೂ ಬಿದ್ದರು. ಕ್ಯಾಪ್‌ಸ್ಟನ್ ತಿರುಗಿಸುವವರ ಹೆಜ್ಜೆ ಒಂದಾಗಲೆಂದು ಅವರ ಜೊತೆ ಹಾಡುತ್ತಲೂ ಇದ್ದರಂತೆ. ಹಾಡು ಇಲ್ಲಿ ಬರೀ ಮನರಂಜನೆಯಲ್ಲ: ಹಾಡಿನ ಓಟ ನಿಧಾನವಾದರೆ ಕೆಳಗೆ ನೆಲ ಬಿಗಿಯಾಯಿತು ಎಂದು ಅರ್ಥ. ಅದು ಹಾಡುವವರಿಗೆಲ್ಲ ಗೊತ್ತಾಗುತ್ತದೆ, ಕಣ್ಣಿಲ್ಲದವರಿಗೆ ಇನ್ನೂ ಚೆನ್ನಾಗಿ. ಕೋವ್ ಬಳಿಯ ಕಾರ್ಕ್ ನಗರದಲ್ಲಿದ್ದ ಈ ದಿನಗಳಲ್ಲಿ ಅವರಿಗೆ ಅಲ್ಲಿನ ಕ್ವೀನ್ಸ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಜಾರ್ಜ್ ಬೂಲ್ ಅವರ ಸ್ನೇಹವಾಯಿತು. ಇಂದಿನ ಕಂಪ್ಯೂಟರಿನ ತರ್ಕಕ್ಕೆ ಹೆಸರು ಕೊಟ್ಟ ಅದೇ ಬೂಲ್. ಕೋವ್‌ನ ದೀಪಸ್ತಂಭ, ಡನ್‌ಡಾಕ್‌ನ 1855ರ ದೀಪಸ್ತಂಭ ಎರಡೂ ಈಗಲೂ ತಮ್ಮ ತಿರುಪುಗಳ ಮೇಲೆ ನಿಂತಿವೆ.

ವೃತ್ತಿಯ ಮನ್ನಣೆಯೂ ಬಂತು. ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆ 1837ರಲ್ಲಿ ಅವರನ್ನು ಸೇರಿಸಿಕೊಂಡಿತು. ನೀರಿನಡಿಯ ಅಡಿಪಾಯಗಳ ಬಗ್ಗೆ ಅವರು ಮಂಡಿಸಿದ ಪ್ರಬಂಧಕ್ಕೆ 1848ರಲ್ಲಿ ಟೆಲ್‌ಫರ್ಡ್ ಪದಕ ಕೊಟ್ಟಿತು.

ಅಟ್ಲಾಂಟಿಕ್ ದಾಟಿದ ಮೇಲೆ ಸ್ಕ್ರೂ ಪೈಲ್‌ಗೆ ಬೇರೊಂದು ಶತ್ರು ಎದುರಾಯಿತು. ಅಮೆರಿಕದ ಡೆಲವೇರ್ ಕೊಲ್ಲಿಯ ಬ್ರಾಂಡಿವೈನ್ ದಿಬ್ಬದಲ್ಲಿ 1850ರಲ್ಲಿ ಸೈನ್ಯದ ಇಂಜಿನಿಯರ್ ಹಾರ್ಟ್‌ಮನ್ ಬೇಚ್ ಅಂಥ ಮೊದಲ ದೀಪಸ್ತಂಭ ಕಟ್ಟಿಸಿದರು. ಮುಂದೆ ಆ ಕರಾವಳಿಯಲ್ಲಿ ಸುಮಾರು ನೂರು ಎದ್ದವು. ಆದರೆ ಅಲ್ಲಿ ಚಳಿಗಾಲದಲ್ಲಿ ಕೊಲ್ಲಿ ಹೆಪ್ಪುಗಟ್ಟಿ, ಕರಗುವಾಗ ಮಂಜುಗಡ್ಡೆಯ ಹಾಳೆಗಳು ತೇಲಿ ಬಂದು ಗುದ್ದುತ್ತವೆ. ನೀರು ಸಂದಿಯಲ್ಲಿ ನುಸುಳುತ್ತದೆ, ಮಂಜುಗಡ್ಡೆ ನುಸುಳುವುದಿಲ್ಲ. 1881ರಲ್ಲಿ ಚೆಸಪೀಕ್ ಕೊಲ್ಲಿಯ ಶಾರ್ಪ್ಸ್ ದ್ವೀಪದ ದೀಪದ ಮನೆಯನ್ನು ಮಂಜುಗಡ್ಡೆ ಕಾಲುಗಳಿಂದ ಕಿತ್ತು, ಒಳಗಿದ್ದ ಕಾವಲುಗಾರರ ಸಮೇತ ಐದು ಮೈಲಿ ತೇಲಿಸಿಕೊಂಡು ಹೋಯಿತು. ಅವರು ಬದುಕಿ ಉಳಿದರು. ದೀಪದ ಗಾಜನ್ನೂ ಉಳಿಸಿಕೊಂಡರು.

ನಮ್ಮ ದೇಶದ ಕಡೆಗೆ ಬರೋಣ. ಬಂದರು ಇಲ್ಲದ ಮದರಾಸಿನಲ್ಲಿ ಹಡಗುಗಳು ದೂರ ನಿಂತು, ಜನ ಮತ್ತು ಸರಕು ಮಸೂಲಾ ದೋಣಿಗಳಲ್ಲಿ ಒಡೆಯುವ ಅಲೆಗಳ ನಡುವೆ ದಡ ಸೇರಬೇಕಿತ್ತು. ಅಲ್ಲಿ 1861ರಲ್ಲಿ ಪೂರ್ಣಗೊಂಡ ಕಡಲೊಳಕ್ಕೆ ಚಾಚಿದ, ಸುಮಾರು 1,100 ಅಡಿ ಉದ್ದದ ಕಬ್ಬಿಣದ ಹಡಗುಕಟ್ಟೆ ನಿಂತದ್ದು ಸ್ಕ್ರೂ ಪೈಲ್‌ಗಳ ಮೇಲೆ. ತಂತಿ ಸಮಾಚಾರದ ಕಂಬಗಳ ಬುಡಕ್ಕೂ ಮಿಚೆಲ್ ತಿರುಪು ಬಂತು. ಎಲ್ಲಕ್ಕಿಂತ ದೊಡ್ಡ ಬಳಕೆ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ. ಕರ್ನಲ್ ಜೆ. ಪಿ. ಕೆನಡಿ ಅವರ ನೇತೃತ್ವದಲ್ಲಿ ಗುಜರಾತಿನ ಹೊಳೆಗಳಿಗೆ, ಅಳಿವೆಗಳಿಗೆ ಒಂದೇ ಅಳತೆಯ ಗರ್ಡರ್, ಒಂದೇ ಮಾದರಿಯ ಸ್ಕ್ರೂ ಪೈಲ್ ಇಂಗ್ಲೆಂಡಿನಿಂದ ತರಿಸಿ ಸಾಲು ಸಾಲು ಸೇತುವೆ ನಿಲ್ಲಿಸಿದರು. ಬೇಗ ಆಯಿತು, ಅಗ್ಗವೂ ಆಯಿತು. ನರ್ಮದೆ ಮಾತ್ರ ಒಪ್ಪಲಿಲ್ಲ. ಭರೂಚಿನ ಬಳಿಯ ಸೇತುವೆಗೆ ಪ್ರವಾಹಗಳಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ಕೊನೆಗೆ ಅದರ ಬದಲು 1881ರಲ್ಲಿ ಇಂದು ಗೋಲ್ಡನ್ ಬ್ರಿಜ್ ಎನ್ನುವ ಸೇತುವೆ ತೆರೆಯಿತು.

ಕಾರಣವನ್ನು ಸ್ವಲ್ಪ ನಿಂತು ನೋಡಬೇಕು. ಸಮುದ್ರದ ಅಲೆ ಹೋಗಿ ಬರುತ್ತದೆ. ಮರಳನ್ನು ಒಯ್ದರೂ ತಿರುಗಿ ತರುತ್ತದೆ. ಮಳೆಗಾಲದ ನದಿ ಒಂದೇ ದಿಕ್ಕಿಗೆ ನುಗ್ಗುತ್ತದೆ, ಮತ್ತು ನೆರೆ ಏರಿದಾಗ ತಳದ ಮರಳೇ ಹತ್ತಾರು ಅಡಿ ಆಳದವರೆಗೆ ಎದ್ದು ಹರಿಯತೊಡಗುತ್ತದೆ. ಇಪ್ಪತ್ತಡಿ ಆಳದಲ್ಲಿ ಗಟ್ಟಿಯಾಗಿ ಕುಳಿತ ತಿರುಪಿನ ತಲೆಯ ಮೇಲಿನ ಮರಳೆಲ್ಲ ಹೊರಟುಹೋದರೆ, ಅದು ನೀರಿನಲ್ಲಿ ನಿಂತ ಕೊಡೆಯ ಕಾಲು. ನಮ್ಮ ಹಿರಿಯರು ಇಂಥ ನದಿಗಳ ದಡದಲ್ಲಿ ಬಾವಿ ಇಳಿಸಿ ಅಡಿಪಾಯ ಹಾಕುತ್ತಿದ್ದರು. ಯಮುನೆಯ ದಡದ ತಾಜಮಹಲು ನಿಂತಿರುವುದೂ ಬಾವಿಗಳ ಮೇಲೆಯೇ. ನೆರೆಗೆ ತಳ ಎಷ್ಟು ಕೊರೆಯುತ್ತದೋ ಅದಕ್ಕಿಂತ ಕೆಳಗೆ ಹೋಗಿ ಕೂರು ಎಂಬ ಬುದ್ಧಿ ಬಾವಿಯಲ್ಲಿದೆ. ಥೇಮ್ಸ್‌ನ ಮರಳಿಗೆ ಕೇಳಿದ ಪ್ರಶ್ನೆಯ ಉತ್ತರವನ್ನು ನರ್ಮದೆಗೆ ತಂದು ನೆಟ್ಟದ್ದು ಮಿಚೆಲ್ ಅವರ ತಪ್ಪಲ್ಲ.

ಇದನ್ನು ಹೇಳುವ ಅಧಿಕಾರ ನನಗೆ ನನ್ನದೇ ತಪ್ಪಿನಿಂದ ಬಂದಿದೆ. ನೌಕರಿಗೆ ಸೇರಿದ ಎರಡನೆಯ ವರ್ಷ, ಗದಗದ ಕಡೆಯ ಎರೆಭೂಮಿಯಲ್ಲಿ ಒಂದು ಸಣ್ಣ ಗೋದಾಮಿನ ಪಾಯ. ಮೇ ತಿಂಗಳು; ಮಣ್ಣು ಕಲ್ಲಿನಂತೆ ಒಣಗಿತ್ತು. ನಾಲ್ಕಡಿಗೆ ಸಾಕು ಎಂದೆ. ಮೇಸ್ತ್ರಿ ಹಾರೆ ಹಾಕಿ ನೋಡಿ, "ಸಾಹೇಬ್ರ, ಇದು ಬ್ಯಾಸಿಗಿ ಗಟ್ಟಿ ಐತ್ರಿ, ನೆಲದ ಗಟ್ಟಿ ಅಲ್ರಿ" ಎಂದರು. ನಾನು ಕೇಳಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಿಂದ ಸೂರಿನವರೆಗೆ ಮೆಟ್ಟಿಲಂತೆ ಬಿರುಕು ಹತ್ತಿತು. ಒಳಗೆ ಬೆರಳು ಹೋಗುತ್ತಿತ್ತು. ಎರೆಮಣ್ಣು ನೀರು ಕುಡಿದು ಉಬ್ಬುವಾಗ ಗೋಡೆಯನ್ನು ಎತ್ತುತ್ತದೆ, ಒಣಗುವಾಗ ಕೈಬಿಡುತ್ತದೆ. ಅಲ್ಲಿ ಅಡಿಪಾಯಕ್ಕೆ ಕೆಳಗಿನ ಆಸರೆಯಷ್ಟೇ ಮೇಲೆ ಎಳೆಯದಂತೆ ಹಿಡಿಯುವ ಲಂಗರೂ ಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್ ರೀಮ್ಡ್ ಪೈಲ್ ಮಾಡುವುದು ಇದನ್ನೇ: ಸುಮಾರು ಮೂರೂವರೆ ಮೀಟರ್ ಆಳದಲ್ಲಿ, ಋತುಮಾನದ ಒದ್ದೆ, ಒಣಗು ಮುಟ್ಟದ ಕಡೆ, ಕಂಬದ ಅಡ್ಡಳತೆಯ ಎರಡೂವರೆ ಪಟ್ಟು ಅಗಲದ ಕಾಂಕ್ರೀಟ್ ಗಡ್ಡೆ. ಒತ್ತಿದರೆ ಪಾದ, ಎಳೆದರೆ ಲಂಗರು. ಮಿಚೆಲ್ ಅವರ ತಟ್ಟೆಗೂ ಈ ಗಡ್ಡೆಗೂ ವಂಶಾವಳಿಯ ಸಂಬಂಧ ಇದೆಯೆಂದು ನಾನು ಹೇಳುವುದಿಲ್ಲ. ಒಂದೇ ಬಗೆಯ ಸಂಕಟಕ್ಕೆ ಒಂದೇ ಬಗೆಯ ಉಪಾಯ.

ಮಿಚೆಲ್ 1868ರ ಜೂನ್ 25ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಬೆಲ್‌ಫಾಸ್ಟಿನ ಬಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಮ್ಯಾಪ್ಲಿನ್ ದೀಪಸ್ತಂಭ 1932ರಲ್ಲಿ ಕೊಚ್ಚಿಹೋಯಿತು. ಫ್ಲೀಟ್‌ವುಡ್‌ನದು 1948ರ ಬೆಂಕಿಯಲ್ಲಿ ಮನೆ ಕಳೆದುಕೊಂಡು, 2017ರಲ್ಲಿ ತುಕ್ಕು ಹಿಡಿದ ಕಾಲು ಮುರಿದು ಒಂದು ಕಡೆಗೆ ಕುಸಿಯಿತು. ಸ್ಕ್ರೂ ಪೈಲ್ ಮಾತ್ರ ಹೈಡ್ರಾಲಿಕ್ ಮೋಟಾರಿನ ಕಾಲದಲ್ಲಿ ಹೊಸದಾಗಿ ಚಲಾವಣೆಗೆ ಬಂದಿದೆ. ಈಗ ಪೈಲ್ ಇಳಿಸುವಾಗಲೇ ಯಂತ್ರಕ್ಕೆ ಎಷ್ಟು ತಿರುಚು ಬಲ ಬೇಕಾಯಿತು ಎಂದು ಅಳೆದು, ಅದನ್ನು ಒಂದು ಗುಣಾಂಕದಿಂದ ಗುಣಿಸಿ ಪೈಲ್ ಎಷ್ಟು ಭಾರ ಹೊರುತ್ತದೆ ಎಂದು ಅಂದಾಜು ಮಾಡುತ್ತಾರೆ. ಕೋವ್‌ನಲ್ಲಿ ಹಾಡು ನಿಧಾನವಾದಾಗ ಮುದುಕರು ಕೇಳಿಸಿಕೊಳ್ಳುತ್ತಿದ್ದದ್ದಕ್ಕೆ ಈಗ ಒಂದು ಮೀಟರ್ ಬಂದಿದೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಬೆಂಗಳೂರಿನಲ್ಲಿ ಮನೆಗೆ ಇದನ್ನು ಹಾಕಬಹುದೇ?" ಹೆಚ್ಚಿನ ಕಡೆ ಬೇಡ ಎಂದೆ. ಬೆಂಗಳೂರಿನ ಕೆಂಪು ಮಣ್ಣಿನಡಿ ಕೊಳೆತ ಗ್ರಾನೈಟ್ ಇದೆ, ಅದರ ನಡುವೆ ಕೊಳೆಯದೆ ಉಳಿದ ಗುಂಡುಕಲ್ಲುಗಳಿವೆ. ತಿರುಪಿನ ಅಂಚಿಗೆ ಗುಂಡುಕಲ್ಲು ಸಿಕ್ಕರೆ ಅದು ಓರೆಯಾಗುತ್ತದೆ, ಇಲ್ಲವೇ ತಟ್ಟೆ ಮುರಿಯುತ್ತದೆ. ಅಲ್ಲದೆ ಐದಾರಡಿಗೆ ಒಳ್ಳೆಯ ನೆಲ ಸಿಗುವ ಕಡೆ ಸಾದಾ ಫುಟಿಂಗ್, ಅಂದರೆ ಅಗಲ ಪಾದದ ಅಡಿಪಾಯ, ಇರುವಾಗ ಇದರ ಖರ್ಚು ಯಾಕೆ? ಕರಾವಳಿಯ ಮರಳಿನಲ್ಲಿ, ಹಗುರ ಕಟ್ಟಡಕ್ಕೆ, ಕಂಬಗಳಿಗೆ, ಗಾಳಿ ಎತ್ತಿ ಎಳೆಯುವ ಶೆಡ್ಡುಗಳಿಗೆ ಯೋಚಿಸಬಹುದು. ಉಪ್ಪು ನೀರು ಕಬ್ಬಿಣವನ್ನು ತಿನ್ನದಂತೆ ಗ್ಯಾಲ್ವನೈಸ್ ಮಾಡಿಸಬೇಕು, ಅಂದರೆ ಸತುವಿನ ಲೇಪ ಕೊಡಿಸಬೇಕು, ತುಕ್ಕಿಗೆಂದು ದಪ್ಪದಲ್ಲಿ ಸ್ವಲ್ಪ ಹೆಚ್ಚು ಬಿಡಬೇಕು. "ಎರೆಮಣ್ಣಿನಲ್ಲಿ?" ಎಂದರು. ಅಲ್ಲಿ ಆಗುತ್ತದೆ, ಆದರೆ ಮಣ್ಣು ಬಿರುಕು ಬಿಡುವ ಪದರಕ್ಕಿಂತ ಕೆಳಗೆ ತಟ್ಟೆ ಇರಬೇಕು, ಆ ಆಳ ಎಷ್ಟೆಂದು ಬೇಸಿಗೆಯಲ್ಲಿ ಒಂದು ಬಾರಿ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಬಾರಿ ಗುಂಡಿ ತೆಗೆದು ನೋಡಬೇಕು ಎಂದೆ.